ಅದೇ ಜಗಳ, ಪೂರ್ತಿಯಾಗಿ

ಮಾರ್ಚ್ 4, ಬುಧವಾರ

ಪ್ರೀತಿಯ ಅಣ್ಣ,

ಇವತ್ತಿಗೆ ಹತ್ತೊಂಬತ್ತು ದಿನ. ಹತ್ತೊಂಬತ್ತು ದಿನದಿಂದ ಸಂಜೆ ಆರೂವರೆಯ ಸುದ್ದಿಯಲ್ಲಿ, ಟಿವಿಯ ಬಲಮೂಲೆಯ ಅಂಗೈಯಗಲದ ಚೌಕದೊಳಗೆ ನಿಂತು, ಕಿವಿ ಕೇಳದವರಿಗೆಲ್ಲ ಕೈಭಾಷೆಯಲ್ಲಿ ಒಂದು ಕಲ್ಲಿನ ಕಥೆ ಹೇಳುತ್ತಿದ್ದೇನೆ. ಹೊಸ ಸೇತುವೆಯ ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಅನ್ನುವ ಜಗಳ. ಸೋಮವಾರ ಒಬ್ಬರು ಏನೋ ಅನ್ನುತ್ತಾರೆ. ಮಂಗಳವಾರ ಇನ್ನೊಬ್ಬರು ಕ್ಷಮೆ ಕೇಳಿ ಅನ್ನುತ್ತಾರೆ. ಬುಧವಾರ ಮೊದಲನೆಯವರು "ನನ್ನ ಮಾತನ್ನು ತಿರುಚಲಾಗಿದೆ" ಅನ್ನುತ್ತಾರೆ. ಗುರುವಾರ ಇಬ್ಬರ ಪರವಾಗಿ ಇನ್ನಿಬ್ಬರು ಎದ್ದು ನಿಲ್ಲುತ್ತಾರೆ. ಸೋಮವಾರ ಬಂದರೆ ಮತ್ತೆ ಮೊದಲಿನಿಂದ. ಆ ಸೇತುವೆಯ ಮೇಲೆ ಇನ್ನೂ ಒಂದು ಸೈಕಲ್ ಕೂಡ ದಾಟಿಲ್ಲ!

"ತಿರುಚಲಾಗಿದೆ" ಅನ್ನಬೇಕಾದರೆ ಎರಡೂ ಮುಷ್ಟಿ ಕಟ್ಟಿ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಬೇಕಲ್ಲ, ನಿನ್ನೆ ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಲ ಹಿಂಡಿದೆ. ಮೇಕಪ್ ಮಾಡುವವಳು ಎಣಿಸಿದಳು. "ಮೇಡಂ, ನಮ್ಮನೇಲಿ ಒಂದು ಬಕೆಟ್ ಬಟ್ಟೆ ಇದೆ, ಬಂದ್ಬಿಡಿ" ಅಂದಳು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಆ ದಾಸನೇ ವಾಸಿ, ಅವನದು ಹಾಡಾದರೂ ಆಗಿತ್ತು.

"ಫೋನಿನಲ್ಲಿ ಮುಖ ನೋಡಿಕೊಂಡು ಕೈ ಆಡಿಸಿದರೆ ನ್ಯೂಸ್ ನೋಡಿದ ಹಾಗೇ ಇರುತ್ತದೆ, ಕಾಗದವೇ ಬರಿ" ಎಂದವನು ನೀನು. ಅದಕ್ಕೇ ಬರೆಯುತ್ತಿದ್ದೇನೆ. ಈ ವ್ಯವಹಾರದಲ್ಲಿ ಮೋಸ ಹೋಗಿದ್ದು ಮಾತ್ರ ನಾನೇ. ನೀನು ನನ್ನನ್ನು ದಿನಾ ನೋಡುತ್ತೀ, ನಾನು ನಿನ್ನ ಮುಖ ನೋಡಿ ಹತ್ತು ತಿಂಗಳಾಯಿತು.

ಹನ್ನೆರಡನೇ ತಾರೀಕು, ಗುರುವಾರ, ಸುದ್ದಿಯನ್ನು ಕಣ್ಣಿಟ್ಟು ನೋಡು. ನಿನಗೊಬ್ಬನಿಗೇ ಒಂದು ತಮಾಷೆ ಇಟ್ಟಿದ್ದೇನೆ.

ನಿನ್ನ ತಂಗಿ

ಮಾರ್ಚ್ 9

ಪ್ರೀತಿಯ ವಟವಟ,

ಕಾಗದ ಬಂತು. ನಿನಗೆ ಈ ಅಡ್ಡಹೆಸರು ಇಟ್ಟಿದ್ದು ಅಪ್ಪ. ನೀನು ಎಷ್ಟು ವಟಗುಟ್ಟುತ್ತಿದ್ದೆ ಅಂತ ನನಗೇನು ಗೊತ್ತು, ಆದರೆ ನಿನ್ನ ತುಟಿ ನಿಂತದ್ದನ್ನು ನೋಡಿದ ನೆನಪಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಈ ವಾರ ಹನ್ನೊಂದು ಹಲ್ಲಿನ ಸೆಟ್ ಮುಗಿಸಿದೆ. ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣ ಹಚ್ಚಿ ಹಲ್ಲು ಕೂರಿಸುವಾಗ ನಮ್ಮ ಲ್ಯಾಬಿನ ಯಜಮಾನರು ಈಗಲೂ ಹಿಂದೆ ನಿಂತು ನೋಡುತ್ತಾರೆ. ಇಪ್ಪತ್ತೆರಡು ವರ್ಷವಾಯಿತು, ಇನ್ನೂ ನಂಬಿಕೆ ಬಂದಿಲ್ಲ. ಕೈ ಕೆಸರಾದರೆ ಬಾಯಿ ಮೊಸರಂತೆ. ನನ್ನ ಕೈ ಕೆಸರು, ಮೊಸರು ಮಾತ್ರ ಬೇರೆಯವರ ಬಾಯಿಗೆ.

ನಿನಗೆ ಆ ಕಲ್ಲು ಸಾಕಾಗಿದೆ ಅಂತ ಬರೆದಿದ್ದೀ. ಇಲ್ಲಿ ನಮಗಂತೂ ಒಳ್ಳೆ ಸುಗ್ಗಿ. ಆರೂಕಾಲಿಗೇ ನನ್ನ ರೂಮಿಗೆ ಟೈಲರ್ ಮತ್ತವನ ಹೆಂಡತಿ, ಇಸ್ತ್ರಿಯವನು, ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಅಕ್ಕ, ನಾಲ್ವರೂ ಹಾಜರು. ನಾಲ್ವರಿಗೂ ನನ್ನ ಹಾಗೇ ಕಿವಿ ಕೇಳಿಸದು. ನೀನು ನಮಸ್ಕಾರ ಎಂದ ಮೇಲೆ ಯಾರೂ ಬೇರೆ ಕಡೆ ನೋಡುವ ಹಾಗಿಲ್ಲ. ಸುದ್ದಿ ಮುಗಿಯುತ್ತಲೇ ಜಗಳ ಶುರು. ಇಸ್ತ್ರಿಯವನು ಮೊದಲನೇ ಹೆಸರಿನ ಪಕ್ಷ. ನಾನು ಎರಡನೇ ಹೆಸರಿನ ಪಕ್ಷ. ಟೈಲರ್ ಹೆಂಡತಿ, ಕಲ್ಲನ್ನೇ ತಿರುಗಿಸಿ ಹಾಕಿ, ಬಟ್ಟೆ ಒಗೆಯೋಕೆ ಬರುತ್ತೆ ಅನ್ನುವ ಪಕ್ಷ.

ಮೊನ್ನೆ ಲ್ಯಾಬಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಅದೇ ಮಾತಾಡುತ್ತಿದ್ದರು. ಸಾಮಾನ್ಯವಾಗಿ ನಾನು ಡಬ್ಬಿ ನೋಡಿಕೊಂಡು ಊಟ ಮಾಡುವವನು. ಅವತ್ತು ಚೀಟಿಯಲ್ಲಿ "ಗುರುವಾರ ಅವರೇ ಬೇರೆ ಹೇಳಿದ್ದರು, ಶನಿವಾರ ಮಾತು ಬದಲಿಸಿದರು" ಎಂದು ಬರೆದು ಯಜಮಾನರ ಮುಂದೆ ತಳ್ಳಿದೆ. ಅವರು ಓದಿ, ನನ್ನ ಮುಖ ನೋಡಿ, ಚೀಟಿಯ ಹಿಂದೆ ಉದ್ದಕ್ಕೆ ಉತ್ತರ ಬರೆದರು. ಉತ್ತರ ಪೂರ್ತಿ ತಪ್ಪು. ಚೀಟಿ ಇಟ್ಟುಕೊಂಡಿದ್ದೇನೆ.

ಮೌನ ಬಂಗಾರ ಅಂತಾರಲ್ಲ. ನನ್ನ ಹತ್ತಿರ ಅದರ ಗಣಿಯೇ ಇದೆ, ಇವತ್ತಿನವರೆಗೆ ಒಂದು ಗ್ರಾಮೂ ಖರ್ಚಾಗಿಲ್ಲ. ಆದ್ದರಿಂದ ನೀನು ಬೇಜಾರಿಲ್ಲದೆ ಹಿಂಡುತ್ತಿರು. ಗುರುವಾರ ನೋಡುತ್ತೇನೆ.

ಅಣ್ಣ

ಮಾರ್ಚ್ 14

ಅಣ್ಣಾ,

ನೋಡಿದೆಯಾ? ನೋಡಿದೆಯಾ ಹೇಳು!

ಗುರುವಾರ ಎರಡೂ ಪಕ್ಷದವರು ಕಲ್ಲಿನ ಮುಂದೆ ನಿಂತು ಒಟ್ಟೊಟ್ಟಿಗೆ ಕಿರುಚುತ್ತಿದ್ದರು. ಸುದ್ದಿ ಓದುವವರು ಅದನ್ನೇ ನಾಲ್ಕು ನಿಮಿಷ ಓದಿದರು. ನಾನು ಅದನ್ನೆಲ್ಲ ಬಿಟ್ಟು, ಕಿವಿಯ ಪಕ್ಕ ಬೆರಳನ್ನು ಎರಡು ಸುತ್ತು ಸುತ್ತಿ, ನೊಣ ಓಡಿಸಿದ ಹಾಗೆ ಆಚೆ ಚಿಮ್ಮಿದೆ. ಅಮ್ಮನ ಸನ್ನೆ! ನಾವು ಚಿಕ್ಕವರಿದ್ದಾಗ ಮೇಲಿನ ಮನೆಯ ನರ್ಸಮ್ಮನೂ ಕೆಳಗಿನ ಮನೆಯ ಬೀಗ ರಿಪೇರಿಯವರೂ ಮೆಟ್ಟಿಲ ಬುಡದಲ್ಲಿ ದಿನಾ ಬೆಳಿಗ್ಗೆ ಜಗಳಕ್ಕೆ ನಿಲ್ಲುತ್ತಿದ್ದರಲ್ಲ, ಏನಂತೆ ಅಂತ ನೀನು ಕೇಳಿದರೆ ಅಮ್ಮ ಹೀಗೇ ಮಾಡುತ್ತಿದ್ದಳು. ಅದೇ ಹಳೇ ರಗಳೆ, ಬಿಡು, ಅಂತ. ನಮ್ಮ ಮನೆ ಬಿಟ್ಟರೆ ಪ್ರಪಂಚದಲ್ಲಿ ಇನ್ಯಾರಿಗೂ ಗೊತ್ತಿಲ್ಲದ ಸನ್ನೆ, ಟಿವಿಯಲ್ಲಿ ಬಂದುಬಿಟ್ಟಿತು.

ಯಾರಿಗೂ ಏನೂ ಗೊತ್ತಾಗಲಿಲ್ಲ. ಇಡೀ ಸ್ಟುಡಿಯೋದಲ್ಲಿ ಕೈಭಾಷೆ ಬರುವವಳು ನಾನೊಬ್ಬಳೇ ತಾನೆ. ಸುದ್ದಿ ಮುಖ್ಯಸ್ಥರು ಹೊರಗೆ ಸಿಕ್ಕಾಗ, "ಇವತ್ತು ನಿಮ್ಮ ಕೈ ತುಂಬಾ ನಿರಾಳವಾಗಿತ್ತು, ನೋಡೋಕೆ ಚೆಂದ" ಅಂದರು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ.

ಅಣ್ಣಾ, ನಿಜ ಹೇಳುತ್ತೇನೆ, ಆ ಎರಡು ಸೆಕೆಂಡಿನಲ್ಲಿ ನನಗೆ ಅಮ್ಮನ ಅಡುಗೆಮನೆಯೇ ಕಂಡಿತು. ನೀನೂ ಅಲ್ಲೇ ಕೂತು ನಗುತ್ತಿದ್ದೀ ಅನ್ನಿಸಿತು. ಬೇಗ ಬರಿ.

ತಂಗಿ

ಮಾರ್ಚ್ 24

ಪ್ರೀತಿಯ ವಟವಟ,

ನೋಡಿದೆ.

ಮಣಿಕಟ್ಟು ನೋಯುತ್ತಿದೆಯಾ? ಗುರುವಾರವಲ್ಲದೆ ಆಮೇಲೆಯೂ ಮೂರು ನಾಲ್ಕು ದಿನ ಕೈ ಕಡಿಮೆ ಆಡಿಸಿದ್ದು ಕಂಡಿತು. ಹಾಗಿದ್ದರೆ ಮುಚ್ಚಿಡಬೇಡ. ಇದರ ಜೊತೆ ಒಂದು ಮಣಿಕಟ್ಟಿನ ಪಟ್ಟಿ ಕಳಿಸಿದ್ದೇನೆ, ಹಲ್ಲು ಉಜ್ಜಿ ಉಜ್ಜಿ ನನಗೂ ಒಮ್ಮೆ ಹೀಗೇ ಆಗಿತ್ತು. ಮಲಗುವಾಗ ಕಟ್ಟಿಕೋ. ಬೇಕಾದರೆ ರಜೆ ಹಾಕು, ಬದಲಿಗೆ ಯಾರನ್ನಾದರೂ ನಿಲ್ಲಿಸಲಿ.

ಇಸ್ತ್ರಿಯವನು ಮೊದಲನೇ ಹೆಸರಿನವರು ಕೊನೆಗೆ ಏನಂದರು ಎಂದು ಕೇಳುತ್ತಿದ್ದ. ನನಗೂ ಗೊತ್ತಿಲ್ಲ ಅಂದೆ.

ಅಣ್ಣ

ಏಪ್ರಿಲ್ 2

ಪ್ರೀತಿಯ ಅಣ್ಣ,

ಪಟ್ಟಿ ತಲುಪಿತು. ಕಟ್ಟಿಕೊಂಡೇ ಬರೆಯುತ್ತಿದ್ದೇನೆ, ಹಿತವಾಗಿದೆ. ಕೈ ಈಗ ಪರವಾಗಿಲ್ಲ, ಚಿಂತೆ ಮಾಡಬೇಡ.

ನಿನ್ನ ತಂಗಿ ಈಗ ಫೇಮಸ್ಸು. ಭಾನುವಾರ ತರಕಾರಿ ತರಲು ಹೋದಾಗ ರಸ್ತೆಯ ಆಚೆ ಬದಿಯಿಂದ ಇಬ್ಬರು ಹುಡುಗಿಯರು ನನ್ನನ್ನು ಗುರುತಿಸಿ ಕೈ ಎತ್ತಿದರು. ನಮಸ್ಕಾರವಲ್ಲ, ಕಿವಿಯ ಪಕ್ಕ ಎರಡು ಸುತ್ತು, ಒಂದು ಚಿಮ್ಮು! ಅಮ್ಮನ ಸನ್ನೆ ಊರೆಲ್ಲ ಹಬ್ಬಿದೆ ಅಣ್ಣ. ಅವಳಿದ್ದಿದ್ದರೆ ನಾಚಿಕೊಂಡು ಸಾಯುತ್ತಿದ್ದಳು.

ಈಗ ಕಲ್ಲಿನ ಸುದ್ದಿ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಒಂದು ಸುತ್ತು ಸುತ್ತಿ ಚಿಮ್ಮಿ, ಅವರ ಕಿರುಚಾಟ ಮುಗಿಯುವ ತನಕ ಕೈಕಟ್ಟಿ ನಿಂತು, ನಾಳೆ ಏನು ಅಡುಗೆ ಅಂತ ಯೋಚಿಸುತ್ತೇನೆ. ಮನೆಗೆ ಬಂದರೆ ತಲೆನೋವಿಲ್ಲ. "ನಿನ್ನ ಮುಖದಲ್ಲಿ ಕಳೆ ಬಂದಿದೆ" ಅಂತ ನಮ್ಮ ಮನೆಯವರೂ ಅಂದರು. ಮದುವೆಯಾಗಿ ಹದಿನೈದು ವರ್ಷಕ್ಕೆ ಮೊದಲನೇ ಸಲ ನನ್ನ ಮುಖ ನೋಡಿದ್ದಾರೆ, ಆ ಕಲ್ಲಿಗೆ ಒಂದು ಹೂವಾದರೂ ಇಟ್ಟು ಬರಬೇಕು.

ನೀವು ಐದು ಜನವೂ ನನಗೆ ಥ್ಯಾಂಕ್ಸ್ ಹೇಳಬೇಕು. ಎಷ್ಟು ಕಸ ನಿಮ್ಮ ತಲೆಗೆ ಬೀಳದ ಹಾಗೆ ತಡೆದಿದ್ದೇನೆ!

ತಂಗಿ

ಏಪ್ರಿಲ್ 17

ತಂಗಿ,

ಬುಧವಾರ ಬೆಳಿಗ್ಗೆ ಒಂದು ಹಲ್ಲಿನ ಸೆಟ್ ಡಬ್ಬಿಯಲ್ಲಿಟ್ಟುಕೊಂಡು ಬಸ್ ಹತ್ತಿದೆ. ನಿವೃತ್ತ ಮೇಷ್ಟ್ರೊಬ್ಬರದು, ಹತ್ತು ಗಂಟೆಗೆ ದಂತವೈದ್ಯರ ಹತ್ತಿರ ಬಂದು ಕಾಯುತ್ತಿದ್ದರು. ಟೈಲರ್ ಹೆಂಡತಿಯೂ ಜೊತೆಗಿದ್ದಳು. ಕಂಡಕ್ಟರಿಗೆ ಯಾವಾಗಿನ ಹಾಗೆ ಪಾಸ್ ತೋರಿಸಿದೆವು. ಅವನು ಆಗದು ಎಂದು ತಲೆಯಾಡಿಸಿದ. ನಾವು ಮತ್ತೆ ತೋರಿಸಿದೆವು. ಅವನ ಬಾಯಿ ದೊಡ್ಡದಾಯಿತು, ಮೀಸೆಯಿಂದಾಗಿ ತುಟಿ ಓದಲು ಆಗಲಿಲ್ಲ. ಬಸ್ಸಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಟಿಕೆಟ್ ತಗೊಳ್ಳಿ ಅಂದನೋ ಏನೋ, ತಿಳಿಯುವುದರೊಳಗೆ ಇಳಿಸಿಯಾಗಿತ್ತು. ನಾಲ್ಕು ನಿಲ್ದಾಣ ನಡೆದೆವು. ಮೇಷ್ಟ್ರು ಬಾಯಿ ಮುಚ್ಚಿಕೊಂಡು ಮುಕ್ಕಾಲು ಗಂಟೆ ಕಾದಿದ್ದರು. ನಮ್ಮ ಯಜಮಾನರು ಬೈದರು. ಬೈಗುಳ ಮಾತ್ರ ನನಗೆ ತುಟಿ ನೋಡಿದರೆ ಪೂರ್ತಿ ತಿಳಿಯುತ್ತದೆ.

ಆಮೇಲೆ ಯಜಮಾನರೇ ಬರೆದು ತೋರಿಸಿದರು. ನಮ್ಮಂಥವರ ಹಳೇ ಪಾಸ್ ಹದಿನೈದಕ್ಕೆ ರದ್ದಂತೆ, ಹೊಸ ಕಾರ್ಡ್ ಮಾಡಿಸಬೇಕಂತೆ. ಏಳನೇ ತಾರೀಕೇ ಸಾರಿಗೆ ಮಂತ್ರಿ ಹೇಳಿದ್ದರಂತೆ. ಆ ಕಲ್ಲಿನ ಗಲಾಟೆಯ ಮಧ್ಯೆ, "ಇವರು ಕಲ್ಲಿಗೆ ಕಿತ್ತಾಡ್ತಾ ಇರಲಿ, ನಾವು ಕೆಲಸ ಮಾಡ್ತಿದೀವಿ" ಅಂತ ಶುರುಮಾಡಿ ಹೇಳಿದ್ದರಂತೆ. ನೀನು ಟಿವಿಗೆ ಬಂದ ಮೇಲೆ ನಾನು ಪೇಪರ್ ನಿಲ್ಲಿಸಿದ್ದೆ. ಏಳನೇ ತಾರೀಕು ನಾವು ಐವರೂ ನಿನ್ನ ಮುಂದೆ ಕೂತಿದ್ದೆವು. ನೀನು ಬೆರಳು ಸುತ್ತಿ ಚಿಮ್ಮಿ, ಕೈಕಟ್ಟಿ ನಿಂತಿದ್ದೆ.

ಪಾಸ್ ದೊಡ್ಡ ವಿಷಯವಲ್ಲ, ಮಾಡಿಸುತ್ತೇವೆ. ನಾನು ಬರೆಯಬೇಕಾದದ್ದು ಬೇರೆ. ಮಾರ್ಚ್ 12ರಂದೇ ಬರೆಯಬೇಕಿತ್ತು. ನಿನ್ನ ಖುಷಿ ನೋಡಿ ಕೈ ನೋವಿನ ಮಾತೆತ್ತಿದೆ. ನಿನಗೆ ಕೈ ನೋವಿಲ್ಲ ಅಂತ ನನಗೆ ಗೊತ್ತಿತ್ತು.

ಆ ಸನ್ನೆ ನಿನಗೆ ಅಮ್ಮನ ನೆನಪು. ನನಗೂ ಅಮ್ಮನ ನೆನಪೇ. ಮೆಟ್ಟಿಲ ಬುಡದಲ್ಲಿ ನರ್ಸಮ್ಮ, ಬೀಗದವರು, ಇಡೀ ಓಣಿ ನಿಂತು ನಗುತ್ತಿತ್ತು. ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಪ್ಪ ಕೂಡ ನಗುತ್ತಿದ್ದ. ನಾನು ಅಮ್ಮನ ತೋಳು ಎಳೆದು ಏನು ಏನು ಎಂದು ಕೇಳಿದರೆ, ಬೆರಳು ಸುತ್ತಿ ಒಂದು ಚಿಮ್ಮು. ನಿಮಗೆಲ್ಲ ಅದರ ಅರ್ಥ ಅದೇ ಹಳೇ ರಗಳೆ. ನನಗೆ ಅದರ ಅರ್ಥ ನಿನಗೆ ಬೇಡ ಅಂತ. ಅಮ್ಮನನ್ನು ದೂರುತ್ತಿಲ್ಲ, ಅವಳಿಗೆ ಒಲೆ ಮೇಲೆ ಹಾಲಿರುತ್ತಿತ್ತು. ಆದರೆ ಆ ಜಗಳ ಏನಂತ ನನಗೆ ನಲವತ್ತಾರು ವರ್ಷವಾದರೂ ಗೊತ್ತಿಲ್ಲ. ಊಟದ ಮನೆಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಎಲ್ಲ ಕಡೆ ನನಗೆ ಒಂದೇ ಉತ್ತರ. ಏನಿಲ್ಲ, ಆಮೇಲೆ ಹೇಳ್ತೀನಿ. ಆಮೇಲೆ ಅನ್ನುವುದು ಇವತ್ತಿನವರೆಗೆ ಬಂದಿಲ್ಲ.

ದಿನಕ್ಕೆ ಅರ್ಧ ಗಂಟೆ ಒಬ್ಬಳು ನನಗೆ ಎಲ್ಲವನ್ನೂ ಹೇಳುತ್ತಿದ್ದಳು. ಕಸವೋ ರಸವೋ, ಕೇಳುವವರಿಗೆ ಸಿಕ್ಕಷ್ಟೇ ನನಗೂ ಸಿಗುತ್ತಿತ್ತು. ಅವಳು ನನ್ನ ತಂಗಿ ಅಂತ ನಾಲ್ಕು ಜನರ ಮುಂದೆ ಎದೆ ಉಬ್ಬಿಸಿ ಕೂರುತ್ತಿದ್ದೆ. ಕಸ ಯಾವುದು ಅಂತ ನೀನು ತೀರ್ಮಾನ ಮಾಡಬೇಡ. ಅದನ್ನು ನೋಡಿ ಸಾಕಪ್ಪಾ ಅನ್ನುವ ಹಕ್ಕು ನನಗೂ ಇರಲಿ.

ಸಿಟ್ಟಿನಲ್ಲೇ ಬರೆದಿದ್ದೇನೆ. ಹರಿದು ಹಾಕದೆ ಅಂಚೆಗೆ ಹಾಕುತ್ತಿದ್ದೇನೆ.

ಅಣ್ಣ

ಏಪ್ರಿಲ್ 22

ಅಣ್ಣ,

ನಿನ್ನ ಕಾಗದ ಬಂತು. ಮೂರು ಸಲ ಉತ್ತರ ಬರೆದು ಮೂರು ಸಲ ಹರಿದೆ. ಸೋಮವಾರ, ಇಪ್ಪತ್ತೇಳಕ್ಕೆ, ಸುದ್ದಿ ನೋಡು. ನೋಡುವುದು ಬಿಟ್ಟಿದ್ದರೂ ಅವತ್ತೊಂದು ದಿನ ನೋಡು.

ತಂಗಿ

ಏಪ್ರಿಲ್ 29

ಪ್ರೀತಿಯ ಅಣ್ಣ,

ಸೋಮವಾರ ನಾನು ಹೇಳಿದ್ದನ್ನು ನೀನು ನೋಡಿರುತ್ತೀ. ಅದಕ್ಕೆ ಮುಂಚೆ ನಡೆದದ್ದನ್ನು ಹೇಳುತ್ತೇನೆ.

ಸುದ್ದಿ ಮುಖ್ಯಸ್ಥರ ಮುಂದೆ ನಿಂತು, ಐದು ವಾರದಿಂದ ನಾನು ಸರಿಯಾಗಿ ಸುದ್ದಿ ಹೇಳಿಲ್ಲ ಅಂದೆ. ಅವರಿಗೆ ಅರ್ಥವಾಗಲಿಲ್ಲ.

"ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲಮ್ಮ?"

"ಹೇಗೆ ಮಾಡ್ತಾರೆ ಸರ್? ಏನು ಬಿಟ್ಟಿದೀನಿ ಅಂತ ಅವರಿಗೆ ಗೊತ್ತಾದ್ರೆ ತಾನೆ?"

ಅವರು ಕನ್ನಡಕ ತೆಗೆದು ಒರೆಸಿದರು. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡೆ. ತೆಗೆದರೆ ತೆಗೆಯಲಿ, ಆದರೆ ನನಗೆ ಮೊದಲು ಎರಡು ನಿಮಿಷ ಕೊಡಿ, ಮೂಲೆಯ ಚೌಕದಲ್ಲಲ್ಲ, ಪೂರ್ತಿ ಪರದೆಯಲ್ಲಿ, ಅಂದೆ. "ಎರಡು ನಿಮಿಷ ಜಾಹೀರಾತಿಗೂ ಸಿಗಲ್ಲ" ಅಂದರು. ಮೂರು ದಿನ ಓಡಾಡಿಸಿದರು. ಸೋಮವಾರ ಒಂದೂವರೆ ನಿಮಿಷ ಕೊಟ್ಟರು. ಜೊತೆಗೆ ಎಚ್ಚರಿಕೆ ಕೊಟ್ಟು, ತಿಂಗಳ ಕೊನೆಯವರೆಗಿನ ಸಂಬಳವನ್ನೂ ಹಿಡಿದರು. ಎರಡೂ ನ್ಯಾಯವೇ.

ಪಾಸಿನ ವಿಷಯ ಹೇಳಿದೆ, ತಪ್ಪಾಯಿತು ಅಂದೆ. ಆದರೆ ಪರದೆಯ ಮೇಲೆ ಹೇಳದೆ ಬಿಟ್ಟದ್ದು ಒಂದಿದೆ. ಏಳನೇ ತಾರೀಕು ನಾನು ಪಾಸಿನ ಮಾತನ್ನು ಬೇಕಂತ ಬಿಟ್ಟಿದ್ದಲ್ಲ ಅಣ್ಣ. ನಾನು ಕೇಳಿಸಿಕೊಳ್ಳಲೇ ಇಲ್ಲ. ಕಿವಿಯಲ್ಲಿ ಇಯರ್‌ಫೋನ್ ಇತ್ತು, ಮಂತ್ರಿ ಮಾತಾಡುತ್ತಿದ್ದರು, ನಾನು ನಾಳೆಗೆ ಬದನೆಕಾಯಿ ಹೆಚ್ಚುವುದೋ ಬೇಡವೋ ಅಂತ ಯೋಚಿಸುತ್ತಿದ್ದೆ. ನಾಚಿಕೆಯಾಗುತ್ತಿದೆ.

ಇನ್ನೊಂದು ಬಾಕಿ ಇದೆ. ನಿನಗೆ ಹೇಳದೆ ಉಳಿದ ಆ ಜಗಳ. ನನಗೆ ನೆನಪಿರುವಷ್ಟು, ಒಂದಕ್ಷರ ಬಿಡದೆ ಬರೆಯುತ್ತೇನೆ. ಬೀಗದವರು ತಮ್ಮ ಸೈಕಲನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸುತ್ತಿದ್ದರು. ನರ್ಸಮ್ಮ ಬೆಳಿಗ್ಗೆ ಡ್ಯೂಟಿಗೆ ಅವಸರದಲ್ಲಿ ಇಳಿಯುತ್ತಿದ್ದರು.

"ನಿಮ್ಮ ಸೈಕಲ್ ಹ್ಯಾಂಡಲ್ ದಿನಾ ನನ್ನ ಸೊಂಟಕ್ಕೆ ಬಡಿಯುತ್ತೆ ಕಣ್ರೀ!"

"ಸೈಕಲ್ ನಿಂತಲ್ಲೇ ನಿಂತಿದೆ ಸಿಸ್ಟರ್. ಸೊಂಟಾನೇ ಬಂದು ಬಡೀತಿರೋದು."

"ಊರಿಗೆಲ್ಲ ಬೀಗ ಮಾಡಿಕೊಡ್ತೀರಿ, ನಿಮ್ಮ ಬಾಯಿಗೊಂದು ಮಾಡ್ಕೊಳ್ಳಿ."

"ಮಾಡಿದ್ದೆ. ಕೀ ನಿಮ್ಮ ಹತ್ರಾನೇ ಇದೆಯಲ್ಲ, ದಿನಾ ಬೆಳಿಗ್ಗೆ ಬಂದು ತೆಗೀತೀರಿ."

ಇಲ್ಲಿಗೆ ಓಣಿಯವರೆಲ್ಲ ನಗುತ್ತಿದ್ದರು. ಆಮೇಲೆ ನರ್ಸಮ್ಮ, "ಒಂದು ದಿನ ನನ್ನ ವಾರ್ಡಿಗೆ ಬರ್ತೀರಲ್ಲ, ಆವಾಗ ಸೂಜಿ ಎಲ್ಲಿಗೆ ಚುಚ್ಚಬೇಕು ಅಂತ ನಂಗೊತ್ತು" ಅನ್ನುತ್ತಿದ್ದರು. ಬೀಗದವರು ಸೈಕಲನ್ನು ಅರ್ಧ ಅಡಿ ಪಕ್ಕಕ್ಕೆ ಸರಿಸುತ್ತಿದ್ದರು. ಅಪ್ಪ, "ಇವತ್ತಿಗೆ ಸಭೆ ಮುಗೀತು" ಅಂತ ಒಳಗೆ ಬರುತ್ತಿದ್ದ. ಮಾರನೇ ದಿನ ಸೈಕಲ್ ಮತ್ತೆ ಹಳೇ ಜಾಗದಲ್ಲಿ. ಇಷ್ಟೇ ಅಣ್ಣ, ಬೇರೇನೂ ಇರಲಿಲ್ಲ. ನಿನ್ನ ಪಕ್ಕದಲ್ಲೇ ನಿಂತು ನಗುತ್ತಿದ್ದೆ, ನಿನಗೆ ಒಂದು ಸಲವೂ ಹೇಳಲಿಲ್ಲ. ಕ್ಷಮಿಸು.

ನಿನ್ನ ತಂಗಿ

ಮೇ 13

ಪ್ರೀತಿಯ ವಟವಟ,

ಸೊಂಟಾನೇ ಬಂದು ಬಡೀತಿರೋದು! ಲ್ಯಾಬಿನಲ್ಲಿ ಕೂತು ಓದಿದೆ. ಎಷ್ಟು ನಕ್ಕೆನೆಂದರೆ ಕೈಯಲ್ಲಿದ್ದ ಮೇಲ್ದವಡೆ ಕೆಳಗೆ ಬಿದ್ದು ಎರಡು ಹಲ್ಲು ಹಾರಿಹೋಯಿತು. ಯಜಮಾನರು ಓಡಿ ಬಂದು ಏನಾಯಿತು ಅಂದರು. ಕಾಗದವನ್ನೇ ಕೊಟ್ಟೆ. ಅವರೂ ನಕ್ಕರು. ಸಂಜೆ ನಾಲ್ವರಿಗೂ ಪೂರ್ತಿ ಅಭಿನಯ ಮಾಡಿ ತೋರಿಸಿದೆ, ನರ್ಸಮ್ಮನ ಪಾತ್ರ ಟೈಲರ್ ಹೆಂಡತಿಯದು. ಇಷ್ಟು ಸಣ್ಣ ಜಗಳಕ್ಕೆ ನಾನು ಇಷ್ಟು ವರ್ಷ ಏನೇನೋ ದೊಡ್ಡದು ಕಲ್ಪಿಸಿಕೊಂಡಿದ್ದೆ. ಯಾರೋ ಸತ್ತಿದ್ದಾರೆ, ಯಾರೋ ಓಡಿಹೋಗಿದ್ದಾರೆ ಅಂತ. ಒಂದು ಸೈಕಲ್!

ಹೊಸ ಕಾರ್ಡ್ ಆಯಿತು. ಆ ಸೋಮವಾರ ನೀನು ಪೂರ್ತಿ ಪರದೆಯಲ್ಲಿ ಬಂದಾಗ ಪುಸ್ತಕ ಹೊಲಿಯುವ ಅಕ್ಕ ಎದ್ದು ನಿಂತುಬಿಟ್ಟಳು. ನನಗೆ ಕಣ್ಣು ಮಂಜಾಗಿ ನಿನ್ನ ಕೊನೆಯ ಎರಡು ಮಾತು ಕಾಣಿಸಲಿಲ್ಲ. ಇಸ್ತ್ರಿಯವನನ್ನು ಕೇಳಿ ತಿಳಿದುಕೊಂಡೆ. ಅವನು ಆಮೇಲೆ ಹೇಳ್ತೀನಿ ಅನ್ನಲಿಲ್ಲ.

ಈಗ ನಿನಗೊಂದು ವಿಷಯ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡ. ಕಲ್ಲಿನ ಜಗಳ ಮುಗಿದು ಸೇತುವೆಯ ಬಣ್ಣದ ಜಗಳ ಶುರುವಾಯಿತಲ್ಲ. ನೀನು ಒಂದು ಮಾತೂ ಬಿಡದೆ ಹೇಳಿದೆ. ಒಂಬತ್ತು ದಿನ ನೋಡಿದೆವು. ನಿನ್ನೆ ಹತ್ತನೇ ದಿನ. ಹಸಿರು ಬಣ್ಣದವರು ಮಾತು ಮುಗಿಸಿದರು, ನೀಲಿ ಬಣ್ಣದವರು ಶುರುಮಾಡಿದರು, ನೀನು ಹೇಳಲು ಕೈ ಎತ್ತಿದೆ. ಅವರು ಏನು ಹೇಳುತ್ತಾರೆ ಅಂತ ನನಗೆ ಆಗಲೇ ಗೊತ್ತಿತ್ತು. ರಿಮೋಟ್ ತೆಗೆದುಕೊಂಡು ಟಿವಿ ಆರಿಸಿಬಿಟ್ಟೆ.

ನಾಲ್ವರೂ ನನ್ನ ಮುಖ ನೋಡಿದರು. ಏನಾಯಿತು ಎಂದು ಟೈಲರ್ ಕೇಳಿದ. ಬೇಜಾರು ಅಂದೆ. ಅವರ ಮಾತು ಕೇಳಿ ಕೇಳಿ ಬೇಜಾರು.

ಕೇಳಿ ಕೇಳಿ ಅಂತಲೇ ಅಂದೆ, ತಂಗಿ. ಟೈಲರ್ ಹೆಂಡತಿ ಮೊದಲು ನಕ್ಕಳು. ಆಮೇಲೆ ಐವರೂ ಎದ್ದು ಚಹಾ ಕುಡಿಯಲು ಬೀದಿ ಕೊನೆಯ ಅಂಗಡಿಗೆ ಹೋದೆವು. ಅಲ್ಲಿ ದೊಡ್ಡ ಟಿವಿಯಲ್ಲಿ ಅದೇ ಸುದ್ದಿ ಇನ್ನೂ ಓಡುತ್ತಿತ್ತು. ಅಂಗಡಿಯವನಾಗಲಿ ಗಿರಾಕಿಗಳಾಗಲಿ ಒಬ್ಬರೂ ಅದರ ಕಡೆ ನೋಡುತ್ತಿರಲಿಲ್ಲ. ನಾವೂ ಅದಕ್ಕೆ ಬೆನ್ನು ಹಾಕಿ ಅವರ ಮಧ್ಯೆ ಕೂತೆವು.

ಅಣ್ಣ